ಹೊರಗಾದವಳ ರಕ್ತ

ಕರೇಕಲ್ ಹಟ್ಟಿ, ಆದಿವಾಲ ಅಂಚೆ
ಹಿರಿಯೂರು ತಾಲ್ಲೂಕು
3-6-1999

ಏಕಾಂತಮ್ಮನಿಗೆ ನಿನ್ನ ಬಾವ ಬೋರಪ್ಪ ಬರೆಯುವುದು.

ಎಲ್ಲರೂ ಕ್ಷೇಮ ಎಂದು ಬರೆಯುವ ಹಾಗಿಲ್ಲ, ಅದಕ್ಕೇ ಈ ಕಾಗದ. ಕುರಿ ವ್ಯಾಪಾರಕ್ಕೆ ಹೊಳಲ್ಕೆರೆ ಕಡೆ ಬರುವ ಜಂಪಣ್ಣ ನಿನ್ನ ವಿಳಾಸ ಕೊಟ್ಟ. ಬಸ್ ಸ್ಟ್ಯಾಂಡಿನ ಹಿಂದೆ ಹೊಲಿಗೆ ಅಂಗಡಿ ಇಟ್ಟಿದ್ದೀಯಂತೆ, ಸಂತೋಷ.

ಯುಗಾದಿ ಹೊತ್ತಿಗೆ ನಿನ್ನ ಅಕ್ಕನಿಗೆ ಕುತ್ತಿಗೆಯಲ್ಲೂ ಕಂಕುಳಲ್ಲೂ ಗಂಟುಗಳು ಕಾಣಿಸಿಕೊಂಡವು. ಚಿತ್ರದುರ್ಗದಲ್ಲಿ ತೋರಿಸಿದ್ದಕ್ಕೆ ಬೆಂಗಳೂರಿಗೆ ಕಳಿಸಿದರು. ಅಲ್ಲಿ ಕ್ಯಾನ್ಸರ್ ಅಂದರು. ಕೀಮೋ ಎಂಬ ಔಷಧಿಯನ್ನು ಬಾಟಲಿಯಲ್ಲಿ ಏರಿಸುತ್ತಾರೆ, ಎರಡು ಸಲ ಆಗಿದೆ. ಗಂಟು ಕರಗುತ್ತಿವೆ. ಆದರೆ ಆ ಔಷಧಿ ರಕ್ತವನ್ನೂ ತಿನ್ನುತ್ತದಂತೆ. ರಕ್ತ ಹೆಪ್ಪುಗಟ್ಟುವುದಕ್ಕೆ ಪ್ಲೇಟ್‌ಲೆಟ್ ಎಂಬ ಕಣ ಬೇಕು, ಅದು ಕಡಿಮೆಯಾಗಿಬಿಟ್ಟರೆ ಎಲ್ಲೆಂದರಲ್ಲಿ ಒಸರುವ ರಕ್ತ ನಿಲ್ಲುವುದೇ ಇಲ್ಲ. ಎರಡನೇ ಸಲ ಆದ ಮೇಲೆ ಮೂಗಿನಿಂದ ಸುರಿಯಿತು. ಆಸ್ಪತ್ರೆಯವರು ಎಲ್ಲಿಂದಲೋ ಒಂದು ಚೀಲ ಪ್ಲೇಟ್‌ಲೆಟ್ ತರಿಸಿ ಏರಿಸಿ ಉಳಿಸಿದರು.

ಅವಳದು ಓ ನೆಗೆಟಿವ್, ಸುಲಭಕ್ಕೆ ಸಿಗುವ ರಕ್ತವಲ್ಲ. ಮುಂದಿನ ಸಲ ಸುರಿಯುವತನಕ ಕಾಯಬಾರದು, ಕಡಿಮೆಯಾಗುತ್ತಿದೆ ಎನ್ನುವಾಗಲೇ ಏರಿಸಬೇಕು, ಕೊಡುವವರನ್ನು ಗೊತ್ತುಮಾಡಿಕೊಂಡು ಬಂದರೆ ಮಾತ್ರ ಮೂರನೇ ಕೀಮೋ ಎಂದು ಡಾಕ್ಟರ್ ಹಟ ಹಿಡಿದಿದ್ದಾರೆ. ಹಟ್ಟಿಯವರನ್ನೆಲ್ಲ ಲಾರಿಯಲ್ಲಿ ಕರೆದೊಯ್ದು ಪರೀಕ್ಷೆ ಮಾಡಿಸಿದೆ. ಯಾರದೂ ಹೊಂದಲಿಲ್ಲ. ಒಡಹುಟ್ಟಿದವರು ಇಲ್ಲವೇ ಎಂದು ಕೇಳಿದರು. ತಂಗಿ ಇದ್ದಾಳೆ ಎಂದೆ.

ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ. ದೇವರನ್ನಿಟ್ಟ ಪೆಟ್ಟಿಗೆ ಹೊರುವ ಪೂಜಾರಿ ಮನೆ ನಮ್ಮದು, ನಾವು ನಡೆಯಬೇಕಾದ ಹಾಗೆ ನಡೆದೆವು.

ಇತಿ,
ಪೂಜಾರಿ ಬೋರಪ್ಪ


ಹೊಳಲ್ಕೆರೆ
9-6-1999

ಅಕ್ಕ,

ಹದಿನೈದು ವರ್ಷದ ಮೇಲೆ ನಿನ್ನ ಗಂಡನ ಕಾಗದ ಬಂತು. ನನ್ನ ರಕ್ತ ಬೇಕಂತೆ. ಓದಿ ನಕ್ಕುಬಿಟ್ಟೆ. ಗುಂಡಿ ಹಚ್ಚುತ್ತಿದ್ದ ನಾಗಕ್ಕ ಯಾಕೆ ನಗುತ್ತೀಯ ಎಂದು ಕೇಳಿದಳು, ಹಳೆಯ ಗಿರಾಕಿ ಬಂದಿದ್ದಾರೆ ಎಂದೆ.

ನನ್ನ ರಕ್ತದ ಪರಿಚಯ ನಿನಗಿಲ್ಲವೇ? ಹೆರಿಗೆಯ ರಕ್ತ ಎಂದು ನನ್ನನ್ನು ಹಟ್ಟಿಯ ಮುಳ್ಳುಬೇಲಿಯಾಚೆ ಹುಲ್ಲಿನ ಗುಡಿಸಲಿಗೆ ಕಳಿಸಿದ್ದು ಇದೇ ರಕ್ತಕ್ಕೆ. ಶ್ರಾವಣದ ಜಡಿಮಳೆ, ಕೈಯಲ್ಲಿ ಮೂರು ದಿನದ ಕೂಸು. ಗುಡಿಸಲು ಸೋರದ ಜಾಗವೇ ಇರಲಿಲ್ಲ. ಕೂಸಿನ ತುಟಿ ನೀಲಿಯಾದಾಗ ಬೇಲಿಯ ಹತ್ತಿರ ಬಂದು ನಿನ್ನನ್ನು ಕೂಗಿದೆ. ನೀನು ಬಂದೆ. ಮುದ್ದೆಯ ತಟ್ಟೆಯನ್ನು ಕಲ್ಲಿನ ಮೇಲಿಟ್ಟು ಕೋಲಿನಿಂದ ನನ್ನ ಕಡೆ ನೂಕಿದೆ. ಮುದ್ದೆ ಬೇಡ, ಕೂಸಿಗೆ ಒಲೆಯ ಪಕ್ಕ ಒಂದು ಮೊಳ ಜಾಗ ಕೊಡು ಎಂದೆ. ಆಗ ನೀನು ಹೇಳಿದ್ದು ಒಂದೇ ಮಾತು.

"ಕಟ್ಟಳೆ ನಾನ್ ಮಾಡಿದ್ದಲ್ಲ ಕಣೇ."

ಅಷ್ಟು ಹೇಳಿ ಮುಳ್ಳಿನ ಬಾಗಿಲು ಎಳೆದುಕೊಂಡೆ. ಬೆಳಗಾಗುವಷ್ಟರಲ್ಲಿ ನನ್ನ ಮಗಳು ತಣ್ಣಗಾಗಿದ್ದಳು.

ಬೇರೆ ಯಾರಾದರೂ ಹಾಗೆ ಮಾಡಿದ್ದರೆ ಮರೆಯುತ್ತಿದ್ದೆನೋ ಏನೋ. ನೀನು ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅಣ್ಣತಮ್ಮಂದಿರಿಗೆ ನಮ್ಮಿಬ್ಬರನ್ನೂ ಕೊಡುತ್ತಾರೆ ಎಂದಾಗ, ಅಕ್ಕನ ಜೊತೆಗೇ ಇರಬಹುದು ಎಂದು ಕುಣಿದವಳು ನಾನು. ನನ್ನ ಗಂಡ ಎನಿಸಿಕೊಂಡವನು ಅವತ್ತು ಬೇಲಿಯ ಒಳಗೆ ತಲೆ ತಗ್ಗಿಸಿ ನಿಂತಿದ್ದ, ವರ್ಷ ತುಂಬುವ ಮೊದಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಅವನ ಮೇಲೆ ಸಿಟ್ಟೂ ಉಳಿದಿಲ್ಲ. ನಿನ್ನ ಮೇಲೆ ಇದೆ. ಆಗಾಗ ಸಾಣೆ ಹಿಡಿದ ಕತ್ತರಿಯ ಹಾಗೆ ಇಟ್ಟುಕೊಂಡಿದ್ದೇನೆ.

ನನ್ನದೂ ಓ ನೆಗೆಟಿವ್. ಇಲ್ಲಿ ಶಿಬಿರ ಮಾಡಿದಾಗಲೆಲ್ಲ ರಕ್ತ ಕೊಟ್ಟಿದ್ದೇನೆ, ಯಾರಿಗೆ ಎಂದು ಕೇಳಿಲ್ಲ. ನಿನಗೆ ಕೊಡುವುದಕ್ಕೆ ಮಾತ್ರ ನಿನ್ನ ಗಂಡನ ಕಾಗದ ಸಾಲದು. ನೀನು ಬರೆ. ಬೇಡಿಕೊಂಡು ಬರೆ. ಆಮೇಲೆ ನೋಡುತ್ತೇನೆ.

ಏಕಾಂತಮ್ಮ


ಕರೇಕಲ್ ಹಟ್ಟಿ
18-6-1999

ಏಕಾಂತಿ,

ಬೇಡಿಕೊಳ್ಳುವುದು ನನಗೆ ಬರುವುದಿಲ್ಲ. ಬರೆ ಎಂದೆ, ಬರೆದಿದ್ದೇನೆ.

ತಲೆ ಬೋಳಾಗಿದೆ. ಮೈಮೇಲೆ ಎಲ್ಲಿ ಒತ್ತಿದರೂ ನೀಲಿಗಟ್ಟುತ್ತದೆ. ಒಸಡಿಗೆ ತಗುಲೀತು ಎಂದು ಬೇವಿನ ಕಡ್ಡಿ ಬಿಡಿಸಿದ್ದಾರೆ, ಬೆರಳಲ್ಲಿ ಹಲ್ಲು ತಿಕ್ಕುತ್ತೇನೆ. ಕುಡುಗೋಲು ಹಿಡಿಯುವ ಹಾಗಿಲ್ಲ, ಸೌದೆ ಮುರಿಯುವ ಹಾಗಿಲ್ಲ, ತಲೆನೋವು ಬಂದರೆ ಅಂಗಡಿಯ ಮಾತ್ರೆ ನುಂಗುವ ಹಾಗಿಲ್ಲ. ಆ ಮಾತ್ರೆ ರಕ್ತವನ್ನು ಇನ್ನೂ ತೆಳ್ಳಗೆ ಮಾಡುತ್ತದಂತೆ. ಇಷ್ಟೆಲ್ಲ ಜೋಪಾನ ಮಾಡುತ್ತಿದ್ದೇನೆ.

ಒಂದನ್ನು ಮಾತ್ರ ಮುಚ್ಚಿಟ್ಟಿದ್ದೇನೆ. ಎಲ್ಲಾದರೂ ರಕ್ತ ಹೋಗುತ್ತಿದೆಯೇ ಎಂದು ಡಾಕ್ಟರ್ ಹೋದಾಗಲೆಲ್ಲ ಕೇಳುತ್ತಾರೆ. ಪಕ್ಕದಲ್ಲಿ ನಿನ್ನ ಬಾವ ನಿಂತಿರುತ್ತಾರೆ. ಇಲ್ಲ ಎನ್ನುತ್ತೇನೆ. ತಿಂಗಳಿಗೆ ಮೂರು ದಿನ ಹೊರಗಾಗುತ್ತಿದ್ದವಳು ಎರಡನೇ ಕೀಮೋ ಆದಾಗಿನಿಂದ ದಿನವೂ ಹೊರಗೇ. ರಕ್ತ ನಿಂತೇ ಇಲ್ಲ. ಇದನ್ನು ಹೇಳಿದರೆ ಏನಾಗುತ್ತದೆ ಎಂದು ನಿನಗೆ ಬೇರೆ ಹೇಳಬೇಕೇ? ನಿಲ್ಲುವತನಕ ಬೇಲಿಯಾಚೆಯ ಗುಡಿಸಲು. ಹಟ್ಟಿಯ ಯಾವ ಹೆಂಗಸಿಗೂ ತಪ್ಪದ್ದು ಪೂಜಾರಿಯ ಹೆಂಡತಿಗೆ ತಪ್ಪುತ್ತದೆಯೇ?

ಅದಕ್ಕೇ, ಔಷಧಿಗೆ ತಿಂಗಳದ್ದು ನಿಂತಿದೆ ಎಂದು ಹೇಳಿ ಒಳಗೇ ಇದ್ದೇನೆ. ಅಡಿಗೆ ಮಾಡುತ್ತೇನೆ, ದೇವರ ಪೆಟ್ಟಿಗೆಯ ಮುಂದೆ ದೀಪ ಹಚ್ಚುತ್ತೇನೆ, ಬಟ್ಟೆಯನ್ನು ಬಚ್ಚಲ ಒಲೆಗೆ ಹಾಕಿ ಸುಡುತ್ತೇನೆ. ನಿನಗೊಬ್ಬಳಿಗೇ ಹೇಳಿರುವುದು. ಏನು ಮಾಡಿಕೊಳ್ಳುತ್ತೀಯೋ ನಿನಗೆ ಬಿಟ್ಟದ್ದು.

ಅವತ್ತು ಬಾಗಿಲು ಎಳೆದುಕೊಂಡದ್ದಕ್ಕೆ ಅತ್ತು ಬರೆಯುತ್ತಾಳೆ ಎಂದು ಕಾದಿದ್ದರೆ, ಬರೆಯುವುದಿಲ್ಲ. ಕೊಡುವುದಾದರೆ ಕೊಡು.

ಹುಲಿಗೆಮ್ಮ


ಹೊಳಲ್ಕೆರೆ
24-6-1999

ಅಕ್ಕ,

ನಿನ್ನ ಕಾಗದ ಓದಿ ಬಾಯಿಗೆ ಬೆಲ್ಲ ಹಾಕಿದ ಹಾಗಾಯಿತು. ಸುಳ್ಳು ಯಾಕೆ ಹೇಳಲಿ, ಮತ್ತೆ ಮತ್ತೆ ತೆಗೆದು ಓದಿದೆ. ಪೂಜಾರಿಯ ಹೆಂಡತಿ ಹೊರಗಾಗಿ ಒಳಗೇ ಕೂತು ಪೆಟ್ಟಿಗೆಗೆ ದೀಪ ಹಚ್ಚುತ್ತಿದ್ದಾಳೆ. ಇದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ಯಾರು ಕೊಡುತ್ತಿದ್ದರು?

ಒಂದು ಕಾರ್ಡು ಬರೆದರೆ ಸಾಕು. ನಿಮ್ಮ ಪೋಸ್ಟ್‌ಮ್ಯಾನ್ ಯತ್ತಪ್ಪ ಕಾರ್ಡುಗಳನ್ನು ಜಗಲಿಯ ಮೇಲೆ ನಿಂತು ಗಟ್ಟಿಯಾಗಿ ಓದುವ ಚಾಳಿ ಬಿಟ್ಟಿರಲಾರ. ಕಾರ್ಡು ತಂದು ಹೊಲಿಗೆ ಯಂತ್ರದ ಖಾನೆಯಲ್ಲಿ ಇಟ್ಟಿದ್ದೇನೆ. ಇನ್ನೂ ಬರೆದಿಲ್ಲ. ಬರೆಯುವುದಿಲ್ಲ ಎಂದು ಮಾತೂ ಕೊಟ್ಟಿಲ್ಲ.

ಎಸ್‌ಟಿಡಿ ಬೂತಿನಿಂದ ಆಸ್ಪತ್ರೆಗೆ ಫೋನ್ ಮಾಡಿದ್ದೆ. ತೆಗೆದ ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಉಳಿಯುವುದಿಲ್ಲವಂತೆ, ಈಗಲೇ ಬಂದು ಕೊಟ್ಟರೆ ದಂಡ. ಕೀಮೋ ಆದ ಮುಂದಿನ ವಾರ ಅದು ಇಳಿಯುತ್ತದೆ, ಆಗ ಬನ್ನಿ, ಪೂರ್ತಿ ಇಳಿಯುವ ಮೊದಲೇ ಏರಿಸಿಬಿಡುತ್ತೇವೆ ಎಂದರು. ಬರುತ್ತೇನೆ ಎಂದಿದ್ದೇನೆ. ಆ ವಾರದಲ್ಲಿ ಯಾವ ದಿನ ಎಂಬುದನ್ನು ನಾನು ಹೇಳುತ್ತೇನೆ ಎಂದೂ ಹೇಳಿದ್ದೇನೆ. ಯಾಕೆ ಎಂದು ಅವರು ಕೇಳಲಿಲ್ಲ, ನೀನೂ ಕೇಳಬೇಡ.

ಕನಿಕರ ಎಂದುಕೊಳ್ಳಬೇಡ. ಸತ್ತವರ ಮೇಲೆ ಸೇಡು ತೀರಿಸಿಕೊಳ್ಳುವುದು ಹೇಗೆ? ನೀನು ಬದುಕಬೇಕು, ಬದುಕಿ ನಾನು ಪಟ್ಟದ್ದನ್ನು ತಿಳಿಯಬೇಕು. ಅದಕ್ಕೆ ಕೊಡುತ್ತಿದ್ದೇನೆ.

ರಕ್ತ ಹೋಗುತ್ತಿರುವುದನ್ನು ಡಾಕ್ಟರಿಗೆ ನಾನೇ ಗುಟ್ಟಾಗಿ ಹೇಳುತ್ತೇನೆ. ಅವರಿಗೆ ಗೊತ್ತಾಗದೆ ಇದ್ದರೆ ನಾನು ಕೊಟ್ಟದ್ದೆಲ್ಲ ಸೋರಿಹೋಗುತ್ತದೆ. ನನ್ನ ರಕ್ತ ನಿನ್ನ ಬಚ್ಚಲ ಒಲೆಗೆ ಹೋಗುವುದು ನನಗೆ ಬೇಡ.

ಏಕಾಂತಮ್ಮ


ಹೊಳಲ್ಕೆರೆ
2-8-1999

ಬಾವನವರಿಗೆ,

ಅಕ್ಕ ಹಟ್ಟಿಗೆ ಮರಳಿದಳು ಎಂದು ಜಂಪಣ್ಣ ಹೇಳಿದ. ಈ ಸಲ ಮೂಗಿನಿಂದ ಒಂದು ಹನಿಯೂ ಬರಲಿಲ್ಲವಂತೆ. ಮುಂಚಿತವಾಗಿ ಏರಿಸಿದ್ದು ಕೆಲಸ ಮಾಡಿದೆ. ಗೆದ್ದೆವು ಎಂದು ನೀವು ದೇವರಿಗೆ ಕಾಯಿ ಒಡೆಸಿದ್ದೂ ಕಿವಿಗೆ ಬಿತ್ತು.

ಈಗ ನನ್ನ ಮಾತು ಕೇಳಿ. ಆ ಯಂತ್ರವನ್ನು ನೀವೂ ನೋಡಿದಿರಿ. ಒಂದು ಕೈಯಿಂದ ರಕ್ತ ಎಳೆದು, ಪ್ಲೇಟ್‌ಲೆಟ್ ಮಾತ್ರ ಚೀಲಕ್ಕೆ ಇಳಿಸಿಕೊಂಡು, ಮಿಕ್ಕದ್ದನ್ನು ಇನ್ನೊಂದು ಕೈಗೆ ವಾಪಸು ಕೊಡುತ್ತದೆ. ನಾನು ಮಲಗಿದ್ದಾಗ ನೀವು ಬಾಗಿಲಲ್ಲಿ ನಿಂತು ಕೈ ಮುಗಿದಿರಿ. ಆಮೇಲೆ ಹಣೆಗೆ ಭಂಡಾರ ಹಚ್ಚಲು ಬಂದಿರಿ, ನಾನು ಮುಖ ತಿರುಗಿಸಿದೆ. ಇನ್ನೂ ಸಿಟ್ಟು ಇಳಿದಿಲ್ಲ ಎಂದುಕೊಂಡಿರಿ.

ಬಾವ, ಅವತ್ತು ನಾನು ಹೊರಗಾಗಿದ್ದೆ. ಎರಡನೇ ದಿನ. ಡಾಕ್ಟರಿಗೆ ಹೇಳಿದೆ, ಮೈಯಲ್ಲಿ ರಕ್ತ ಸಾಕಷ್ಟಿದೆ, ಅದರಿಂದ ಏನೂ ಅಡ್ಡಿಯಿಲ್ಲ ಎಂದರು. ಅಡ್ಡಿ ಇರುವುದು ನಿಮಗೆ. ಆ ದಿನವನ್ನು ಬೇಕೆಂದೇ ಆರಿಸಿಕೊಂಡೆ.

ಬೇಲಿಯಾಚೆ ಇಟ್ಟಿದ್ದಿರಲ್ಲ, ಆ ರಕ್ತ ಈಗ ನಿಮ್ಮ ನಡುಮನೆಯಲ್ಲಿ ಓಡಾಡುತ್ತಿದೆ. ನಿಮಗೆ ಮುದ್ದೆ ಬಡಿಸುತ್ತಿದೆ. ಪೆಟ್ಟಿಗೆಯ ಮುಂದೆ ಕೂತು ಬತ್ತಿ ಹೊಸೆಯುತ್ತಿದೆ. ಎಷ್ಟು ಕೊಡ ನೀರು ಹುಯ್ದರೂ ತೊಳೆದುಹೋಗುವುದಿಲ್ಲ. ಏನು ಮಾಡುತ್ತೀರಿ ನೋಡೋಣ.

ನನ್ನ ಮಗಳಿಗೆ ಹೆಸರಿಡುವಷ್ಟು ಹೊತ್ತನ್ನೂ ನೀವು ಕೊಡಲಿಲ್ಲ. ಅದಕ್ಕೇ ಅವಳ ಹೆಸರು ಹೇಳಿ ಬೈಯಲೂ ನನಗೆ ಆಗುತ್ತಿಲ್ಲ. ಒಂದು ಮಾತು ಹೇಳಿ ಮುಗಿಸುತ್ತೇನೆ, ಹಿಂದೆ ನಿಮ್ಮ ಮನೆಯಿಂದಲೇ ಕೇಳಿ ಕಲಿತದ್ದು. ಕಟ್ಟಳೆ ನಾನು ಮಾಡಿದ್ದಲ್ಲ.

ಏಕಾಂತಮ್ಮ


ಕರೇಕಲ್ ಹಟ್ಟಿ
11-8-1999

ಏಕಾಂತಮ್ಮನಿಗೆ,

ಕಾಗದ ತಲುಪಿತು. ಹಿರಿಯರನ್ನು ಕೂಡಿಸಿ ಓದಿಸಿದೆ. ತಿಳಿದೂ ಮುಚ್ಚಿಡುವುದು ನನ್ನಿಂದಾಗದು. ಆ ರಕ್ತ ಮೈಯಲ್ಲಿ ಇರುವತನಕ ಅವಳು ಹಟ್ಟಿಯ ಒಳಗೆ ಇರುವ ಹಾಗಿಲ್ಲ ಎಂದು ತೀರ್ಮಾನವಾಯಿತು. ಎಷ್ಟು ದಿನ ಇರುತ್ತದೆ ಎಂಬುದು ಯಾರಿಗೂ ಗೊತ್ತಿಲ್ಲ. ಮೊನ್ನೆಯಿಂದ ಗುಡಿಸಲಲ್ಲಿ ಇದ್ದಾಳೆ. ನಾಲ್ಕನೇ ಕೀಮೋದ ವಿಚಾರ ಆಮೇಲೆ ನೋಡಬೇಕು.

ನೀನು ಬಯಸಿದ್ದು ಆಯಿತು. ನನ್ನನ್ನು ಬೈದು ಫಲವಿಲ್ಲ. ಕಟ್ಟಳೆ ನಾನೂ ಮಾಡಿದ್ದಲ್ಲ.

ಬೋರಪ್ಪ


ಗುಡಿಸಲು
14-8-1999

ಏಕಾಂತಿ,

ಎಲ್ಲಿಂದ ಬರೆಯುತ್ತಿದ್ದೇನೆ ಎಂದು ಮೇಲೆಯೇ ಬರೆದಿದ್ದೇನೆ. ಹುಲ್ಲು ಹೊಸದು, ಮಿಕ್ಕದ್ದೆಲ್ಲ ನೀನಿದ್ದಾಗ ಹೇಗಿತ್ತೋ ಹಾಗೇ. ಕಲ್ಲೂ ಅದೇ. ಪಕ್ಕದ ಮನೆಯ ದುರುಗಕ್ಕ ಅದರ ಮೇಲೆ ತಟ್ಟೆ ಇಟ್ಟು ಹಿಂದೆ ಸರಿಯುತ್ತಾಳೆ. ಈ ಕಾಗದವನ್ನೂ ಅಲ್ಲೇ ಇಡು, ಡಬ್ಬಿಗೆ ಹಾಕುತ್ತೇನೆ ಎಂದಿದ್ದಾಳೆ.

ನಿನ್ನ ಬಾವ ಕಾಗದ ಹಿಡಿದುಕೊಂಡು ಬಂದು ಹೊಸಲಿನ ಆಚೆ ನಿಂತರು. ಮುಖ ನೋಡಲಿಲ್ಲ. "ಎದ್ದು ನಡಿ, ಹಿರೇರು ಹೇಳವ್ರೆ, ನಾನೇನ್ ಮಾಡ್ಲಿ" ಎಂದರು. ಈ ಕಾಯಿಲೆಯಲ್ಲಿ ಮುಳ್ಳು ತರಚಿದರೂ ಕಷ್ಟ ಎಂದು ಡಾಕ್ಟರ್ ಹೇಳಿದಾಗ ಪಕ್ಕದಲ್ಲೇ ಇದ್ದ ಮನುಷ್ಯ. ಮುಳ್ಳುಬೇಲಿಯನ್ನು ತಾವೇ ಸರಿಸಿಕೊಟ್ಟರು. ನಿನಗೆ ನಾನು ಮುಚ್ಚಿದ ಬಾಗಿಲು ಒಳಗಿನಿಂದ ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು. ತಿಂಗಳ ಮೂರು ದಿನ ಕಳೆದರೆ ನನಗೆ ತೆರೆಯುತ್ತಿತ್ತು, ತೆರೆಯದ ಬಾಗಿಲನ್ನು ಹೊರಗಿನಿಂದ ಈಗ ನೋಡಿದೆ.

ನೀನು ಹೇಳಿದ ಮೇಲೆ ಡಾಕ್ಟರ್ ತಿಂಗಳದ್ದು ನಿಲ್ಲಿಸುವ ಮಾತ್ರೆ ಕೊಟ್ಟಿದ್ದರು, ಹದಿನೈದು ದಿನದಿಂದ ಒಂದು ಹನಿಯಿಲ್ಲ. ರಕ್ತ ಹೋಗುತ್ತಿದ್ದಾಗ ಒಳಗಿದ್ದೆ, ನಿಂತ ಮೇಲೆ ಹೊರಗೆ ಹಾಕಿದರು. ಹೊರಗಾಗದೆ ಹೊರಗೆ ಕೂತವಳು ಈ ಹಟ್ಟಿಯಲ್ಲಿ ನಾನೊಬ್ಬಳೇ ಇರಬೇಕು.

ಇನ್ನು ನಿನ್ನ ದೊಡ್ಡ ಗುಟ್ಟು. ಆಸ್ಪತ್ರೆಗೆ ಬಂದ ದಿನ ನೀನು ನನ್ನ ಮಂಚದ ಹತ್ತಿರ ಬರಲಿಲ್ಲ, ವಾರ್ಡಿನ ಬಾಗಿಲಲ್ಲೇ ನಿಂತೆ. ನೀರಿನ ತಂಬಿಗೆ ಚಾಚಿದರೆ "ಅಲ್ಲೇ ಇಡು" ಎಂದೆ, ನಾನು ಕೆಳಗಿಟ್ಟು ಸರಿದ ಮೇಲೆ ಎತ್ತಿಕೊಂಡೆ. ಊಟಕ್ಕೆ ಗೋಡೆ ಪಕ್ಕ ಬೇರೆ ಕೂತೆ. ಹಟ್ಟಿಯ ಹೆಣ್ಣು ಹೊರಗಾದಾಗ ಹೇಗೆ ನಿಲ್ಲುತ್ತಾಳೆ ಎಂದು ನನಗೆ ತಿಳಿಯುವುದಿಲ್ಲವೇ? ಹದಿನೈದು ವರ್ಷದಿಂದ ಪೇಟೆಯಲ್ಲಿದ್ದೀಯ, ಯಾರ ಹಂಗೂ ಇಲ್ಲ ಎನ್ನುತ್ತೀಯ, ಆ ದಿನ ಬಂದರೆ ಇನ್ನೂ ದೂರ ನಿಲ್ಲುತ್ತೀಯ. ಬೇಲಿಯನ್ನು ಜೊತೆಗೇ ಎತ್ತಿಕೊಂಡು ಹೋಗಿದ್ದೀಯ ನೀನು.

ಅವರು ಚೀಲ ತಂದು ತೂಗುಹಾಕಿದರು. ಕೆಂಪಗೂ ಇರಲಿಲ್ಲ, ಮಜ್ಜಿಗೆಯ ಮೇಲಿನ ತಿಳಿಯ ಹಾಗೆ ಹಳದಿ. ಬೇಡ ಎನ್ನಬಹುದಿತ್ತು. ಎಲ್ಲ ಗೊತ್ತಿದ್ದು ಕೈ ಚಾಚಿದೆ.

ಕಂಕುಳಲ್ಲಿ ಗಂಟು ಮತ್ತೆ ಕೈಗೆ ಸಿಗುತ್ತಿದೆ. ಬೆಂಗಳೂರಿಗೆ ಹೋಗಬೇಕಾದ ದಿನ ದಾಟಿತು. ನಿನ್ನ ಸೇಡು ತೀರಿದ್ದರೆ ಸಂತೋಷ. ತೀರದೆ ಇದ್ದರೆ ಬಂದು ನೋಡಿಕೊಂಡು ಹೋಗು, ಕಲ್ಲಿನ ಈಚೆ ಇಬ್ಬರು ಕೂರುವಷ್ಟು ಜಾಗ ಇದೆ.

ಹುಲಿಗೆಮ್ಮ


ಹೊಳಲ್ಕೆರೆ
6-9-1999

ಬಾವನವರಿಗೆ,

ಅಕ್ಕನನ್ನು ಎಲ್ಲೆಲ್ಲೋ ಹುಡುಕಿಸುತ್ತಿದ್ದೀರಂತೆ. ಹುಡುಕುವುದು ಬೇಡ, ನನ್ನ ಮನೆಯಲ್ಲಿದ್ದಾಳೆ. ನಾಲ್ಕನೇ ಕೀಮೋ ಆಯಿತು. ಪ್ಲೇಟ್‌ಲೆಟ್ ಇಳಿಯುವ ಮೊದಲೇ ಮತ್ತೆ ಕೊಟ್ಟೆ. ಮುಂದಿನ ಸಲಕ್ಕೆ ನಮ್ಮ ಶಿಬಿರದವರು ಹೊಸದುರ್ಗದಲ್ಲಿ ಇನ್ನೂ ಇಬ್ಬರು ಓ ನೆಗೆಟಿವ್ ಹೆಂಗಸರನ್ನು ಹುಡುಕಿಕೊಟ್ಟಿದ್ದಾರೆ. ಯಾವ ದಿನ ಬರುತ್ತೀರಿ ಎಂದು ಮಾತ್ರ ಕೇಳಿದೆ, ಬೇರೇನೂ ಕೇಳಲಿಲ್ಲ.

ನಿಮಗೆ ಕಾಗದ ಬರೆದಾಗ, ಏಟು ನಿಮಗೆ ಬೀಳುತ್ತದೆ ಎಂದುಕೊಂಡಿದ್ದೆ. ನೀವು ಪಕ್ಕಕ್ಕೆ ಸರಿದು ಅವಳ ಮೇಲೆ ಬೀಳಲು ಬಿಟ್ಟಿರಿ. ಹಿಂದೆ ನನ್ನ ಮೇಲೆ ಬಿಟ್ಟ ಹಾಗೆ. ಅಕ್ಕನ ಮೇಲಿನ ಸಿಟ್ಟು ನನಗೆ ಹೋಗಿಲ್ಲ, ಅದು ನಮ್ಮಿಬ್ಬರದು, ದಿನವೂ ಒಂದೇ ತಟ್ಟೆಯಲ್ಲಿ ಉಣ್ಣುತ್ತ ಜಗಳವಾಡುತ್ತೇವೆ. ಅದರಲ್ಲಿ ನಿಮಗೆ ಪಾಲಿಲ್ಲ. ನಿಮ್ಮ ಪಾಲು ಬೇರೆ ಇದೆ.

ಮೊದಲನೆಯದು ಅಕ್ಕನ ಕಡೆಯಿಂದ. ಬರೆಯಲೋ ಬೇಡವೋ ಎಂದು ನಾನು ಪೆನ್ನು ಹಿಡಿದು ಕೂತಿದ್ದೆ. ಅವಳೇ "ಬರಿಯೇ, ದೀಪ ಹಚ್ಚಿದ್ದೂ ಬರಿ" ಎಂದಳು. ಎರಡನೇ ಕೀಮೋ ಆದಂದಿನಿಂದ ಮೂರನೆಯದು ಮುಗಿಯುವತನಕ ಅವಳು ದಿನವೂ ಹೊರಗಾಗಿದ್ದಳು. ನಿಮ್ಮ ಅಡಿಗೆ ಮನೆಯಲ್ಲೇ ಇದ್ದಳು. ನೀವು ಉಂಡ ಮುದ್ದೆ ಅವಳು ತೊಳಸಿದ್ದು. ಪೆಟ್ಟಿಗೆಯ ಮುಂದೆ ಉರಿದ ದೀಪ ಅವಳು ಹಚ್ಚಿದ್ದು. ನಿಮ್ಮ ದೇವರು ಒಂದು ಸಲ ಕೆಮ್ಮಲೂ ಇಲ್ಲ. ಮಳೆ ಬಂತು, ಕುರಿಗಳು ಮರಿ ಹಾಕಿದವು. ಇದನ್ನೂ ಹಿರಿಯರನ್ನು ಕೂಡಿಸಿ ಓದಿಸಿ. ತಿಳಿದೂ ಮುಚ್ಚಿಡುವುದು ನಿಮ್ಮಿಂದಾಗದಲ್ಲ.

ಎರಡನೆಯದು ನನ್ನ ಕಡೆಯಿಂದ. ಎರಡು ವಾರದ ಹಿಂದಿನ ಸೋಮವಾರ ನೀವೆಲ್ಲ ಗುಡಿಯ ಮುಂದೆ ಸೇರಿದ್ದಾಗ ನಾನು ಜಂಪಣ್ಣನ ಟೆಂಪೋದಲ್ಲಿ ಬಂದೆ. ಅಕ್ಕನ ಸೀರೆ, ಆಸ್ಪತ್ರೆಯ ಕಾಗದಗಳನ್ನು ತೆಗೆದುಕೊಳ್ಳಲು ಮುಳ್ಳಿನ ಬಾಗಿಲು ಸರಿಸಿ ಹಟ್ಟಿಯ ಒಳಗೆ ಬಂದೆ, ನಿಮ್ಮ ಹೊಸಲು ದಾಟಿದೆ. ಮನೆಯಲ್ಲಿ ಯಾರೂ ಇರಲಿಲ್ಲ, ಆತುರವೂ ಇರಲಿಲ್ಲ. ಹದಿನೈದು ವರ್ಷದ ಮೇಲೆ ಬಂದವಳು, ಒಂದೊಂದನ್ನೂ ನೋಡಿಕೊಂಡು ಓಡಾಡಿದೆ. ಏನೇನು ಮುಟ್ಟಿದೆ ಎಂದು ಬರೆಯುವುದಿಲ್ಲ. ನೀರಿನ ಗಡಿಗೆಯೋ, ಉಪ್ಪಿನ ಮಡಕೆಯೋ, ಭಂಡಾರದ ಚೀಲವೋ, ಪೆಟ್ಟಿಗೆಯೋ. ದಾರಿಯಲ್ಲಿ ಇನ್ನೂ ಯಾರ ಯಾರ ಮನೆಯ ಕದ ತೆರೆದಿತ್ತೋ ಅದನ್ನೂ ಬರೆಯುವುದಿಲ್ಲ. ಅವತ್ತು ನಾನು ಹೊರಗಾಗಿದ್ದೆನೋ ಇಲ್ಲವೋ ಎಂಬುದು ಅಕ್ಕನಿಗೆ ಗೊತ್ತು. ಕೇಳಿದರೆ ಅವಳು ಹೇಳುವುದಿಲ್ಲ, ನಗುತ್ತಾಳೆ.

ಕುಡಿಯುವ ನೀರು ಎತ್ತುವಾಗಲೆಲ್ಲ ನನ್ನನ್ನು ನೆನೆಯಿರಿ.

ಗುಡಿಸಲನ್ನು ಮಾತ್ರ ನಾನು ಮುಟ್ಟಲಿಲ್ಲ. ಅಕ್ಕ ತಾನೇ ಎದ್ದು ಆಚೆ ಬಂದಳು. ನಿಮ್ಮ ಕಟ್ಟಳೆಯ ಪ್ರಕಾರ ನೋಡಿದರೆ ಕರೇಕಲ್ ಹಟ್ಟಿಯಲ್ಲಿ ಇವತ್ತು ಅನುಮಾನವಿಲ್ಲದೆ ಕೂರಬಹುದಾದ ಜಾಗ ಅದೊಂದೇ ಉಳಿದಿರುವುದು. ಹುಲ್ಲು ಹೊಸದಂತೆ. ಹೋಗಿ ಕೂತುಕೊಳ್ಳಿ, ದುರುಗಕ್ಕ ಕಲ್ಲಿನ ಮೇಲೆ ಮುದ್ದೆ ತಂದಿಡುತ್ತಾಳೆ.

ಏಕಾಂತಮ್ಮ